ಕಾವಲು ಮತ್ತು ಕಲಿಕೆ: ರಂಗಂಪೇಟೆಯ ಪರಿಸರದಲ್ಲಿ ಮಕ್ಕಳ ಓದು, ಗ್ರಂಥಾಲಯ ಮತ್ತು ಅಂತರ್ಜಾಲ

ಸಾರ್ವಜನಿಕ ಗ್ರಂಥಾಲಯಕ್ಕೆ ಬರುವ ಮಗುವಿಗೆ ಅಂತರ್ಜಾಲವನ್ನು ಎಷ್ಟು ತೆರೆದಿಡಬೇಕು, ಯಾರು ತೆರೆದಿಡಬೇಕು, ಯಾರ ಸಮ್ಮುಖದಲ್ಲಿ ತೆರೆದಿಡಬೇಕು ಎಂಬುದು ಕಳೆದ ಎರಡು ಮೂರು ದಶಕಗಳಿಂದ ಚರ್ಚೆಯಲ್ಲಿರುವ ಪ್ರಶ್ನೆ. ಇದನ್ನು ಬಹುಮಟ್ಟಿಗೆ ತಂತ್ರಜ್ಞಾನದ ಅಥವಾ ಕಾನೂನಿನ ಪ್ರಶ್ನೆಯೆಂದೇ ಭಾವಿಸಲಾಗಿದೆ. ಆದರೆ ಮಗುವಿನ ಕಿವಿಗೂ ಕಣ್ಣಿಗೂ ಏನು ಬೀಳಬೇಕು, ಏನು ಬೀಳಬಾರದು ಎಂಬುದನ್ನು ನಿರ್ಧರಿಸುವ ಕೆಲಸ ಗಣಕಯಂತ್ರದಿಂದ ಆರಂಭವಾದದ್ದಲ್ಲ. ಕಥೆ, ಹಾಡು, ಒಗಟು, ಆಟಗಳನ್ನು ತಲೆಮಾರಿನಿಂದ ತಲೆಮಾರಿಗೆ ದಾಟಿಸುತ್ತ ಬಂದ ಪ್ರತಿಯೊಂದು ಸಮುದಾಯವೂ ಈ ನಿರ್ಧಾರವನ್ನು ತನ್ನದೇ ಕ್ರಮದಲ್ಲಿ ಕೈಗೊಂಡಿದೆ. ಪ್ರಸ್ತುತ ಲೇಖನವು ಸಗರನಾಡಿನ ಸುರಪುರಕ್ಕೆ ಸೇರಿಕೊಂಡಂತಿರುವ ರಂಗಂಪೇಟೆ ಮತ್ತು ಅದರ ಸುತ್ತಣ ಪರಿಸರವನ್ನು ಕೇಂದ್ರವಾಗಿಟ್ಟುಕೊಂಡು, ಜ್ಞಾನದ ಕಾವಲಿನ ಈ ಚರಿತ್ರೆಯನ್ನು ಸ್ಥೂಲವಾಗಿ ಗುರುತಿಸಲು ಯತ್ನಿಸುತ್ತದೆ. ಆ ಚರಿತ್ರೆಯಿಂದ ಇಂದಿನ ಗ್ರಂಥಾಲಯ ಏನನ್ನು ಪಡೆಯಬಹುದು, ಏನನ್ನು ಬಿಡಬೇಕು ಎಂಬುದನ್ನು ವಿವೇಚಿಸುವುದು ಇಲ್ಲಿನ ಉದ್ದೇಶ.

ಈ ಪ್ರಶ್ನೆಗೆ ರಂಗಂಪೇಟೆಯಂತಹ ಸ್ಥಳವನ್ನು ಆಯ್ದುಕೊಳ್ಳಲು ಕಾರಣವಿದೆ. ೨೦೦೯ರ ಡಿಸೆಂಬರ್ ೩೦ರಂದು ಗುಲಬರ್ಗಾ ಜಿಲ್ಲೆಯಿಂದ ಬೇರ್ಪಟ್ಟು ರೂಪುಗೊಂಡ ಯಾದಗಿರಿ ಜಿಲ್ಲೆಯ ಸಾಕ್ಷರತೆಯ ಪ್ರಮಾಣ ೨೦೧೧ರ ಜನಗಣತಿಯಂತೆ ಶೇಕಡಾ ೫೧.೮೩. ಇದು ಅಂದು ರಾಜ್ಯದಲ್ಲೇ ಅತ್ಯಂತ ಕಡಿಮೆ. ರಾಜ್ಯದ ಸರಾಸರಿ ಶೇಕಡಾ ೭೫.೩೬ ಆಗಿತ್ತು. ಮಹಿಳೆಯರ ಸಾಕ್ಷರತೆ ಶೇಕಡಾ ೪೧ರ ಆಸುಪಾಸಿನಲ್ಲಿತ್ತು. ಅಂದರೆ ಇಲ್ಲಿನ ಅನೇಕ ಮನೆಗಳಲ್ಲಿ ಓದು ಬಲ್ಲ ಮೊದಲ ವ್ಯಕ್ತಿ ಮಗುವೇ. ತಂದೆತಾಯಿಗಳು ಮಗುವಿನ ಅಂತರ್ಜಾಲ ಬಳಕೆಯ ಮೇಲೆ ನಿಗಾ ಇಡಬೇಕು ಎಂಬ ಸಾರ್ವತ್ರಿಕ ಉಪದೇಶ ಇಂತಹ ಮನೆಗಳಲ್ಲಿ ಕಾರ್ಯರೂಪಕ್ಕೆ ಬರುವುದು ಕಷ್ಟ. ಆಗ ಆ ಹೊಣೆ ಸಾರ್ವಜನಿಕ ಸಂಸ್ಥೆಯ ಮೇಲೆ, ವಿಶೇಷವಾಗಿ ಗ್ರಂಥಾಲಯದ ಮೇಲೆ ಬೀಳುತ್ತದೆ. ಆ ಸಂಸ್ಥೆ ಬಾಗಿಲನ್ನು ಪೂರ್ತಿ ಮುಚ್ಚಿದರೆ ಮಗುವಿಗೆ ಬೇರೊಂದು ಬಾಗಿಲಿಲ್ಲ. ಪೂರ್ತಿ ತೆರೆದು ಕೈತೊಳೆದುಕೊಂಡರೆ ಮಗುವಿನ ಬೆನ್ನಿಗೆ ಯಾರೂ ಇಲ್ಲ.

ಗುಪ್ತಲಿಪಿ ಮತ್ತು ಬಾಲರಾಜ

ಸಗರನಾಡಿನಲ್ಲಿ ಜ್ಞಾನವನ್ನು ಕಾಯ್ದಿಡುವ ಪರಂಪರೆಗೆ ದೀರ್ಘ ಇತಿಹಾಸವಿದೆ. ಅಂದಿನ ಸುರಪುರ ತಾಲೂಕಿಗೆ ಸೇರಿದ್ದ, ಇಂದು ಹುಣಸಗಿ ತಾಲೂಕಿನಲ್ಲಿರುವ ಕೊಡೇಕಲ್ಲಿನ ಬಸವಣ್ಣನ ಪರಂಪರೆಯನ್ನು ಇಲ್ಲಿ ಸ್ಮರಿಸಬಹುದು. ಈ ಪರಂಪರೆಯ ಕಾಲಜ್ಞಾನ ಸಾಹಿತ್ಯಕ್ಕೆ 'ಅಮರಗನ್ನಡ' ಎಂಬ ಗುಪ್ತಲಿಪಿಯ ಸಂಬಂಧವಿದೆ. ಲಿಪಿಯ ಕೀಲಿಯನ್ನು ಬಲ್ಲವನಿಗೆ ಮಾತ್ರ ಪಠ್ಯ ತೆರೆದುಕೊಳ್ಳುತ್ತದೆ. ಬಲ್ಲವನು ಓದಿದಾಗ ಮಾತ್ರ ಉಳಿದವರ ಕಿವಿಗೆ ಬೀಳುತ್ತದೆ. ಗಣಕಯಂತ್ರದ ಗುಪ್ತಪದಕ್ಕೂ ಇದಕ್ಕೂ ಹೋಲಿಕೆ ಕಾಣುವುದು ಸಹಜ. ಆದರೆ ಒಂದು ವ್ಯತ್ಯಾಸವನ್ನು ಗಮನಿಸಬೇಕು. ಗುಪ್ತಲಿಪಿಯ ಕಾವಲಿಗೆ ಕಾವಲುಗಾರನೊಬ್ಬ ಇರುತ್ತಾನೆ. ಯಾರಿಗೆ, ಯಾವಾಗ, ಏಕೆ ತೆರೆಯಬೇಕೆಂಬ ವಿವೇಚನೆ ಅವನಿಗಿರುತ್ತದೆ, ಅವನನ್ನು ಕೇಳಬಹುದು, ಪ್ರಶ್ನಿಸಬಹುದು. ತಂತ್ರಾಂಶದ ಕಾವಲು ಹಾಗಲ್ಲ. ಅದು ತಡೆಯುತ್ತದೆಯೇ ಹೊರತು ಉತ್ತರಿಸುವುದಿಲ್ಲ.

ಮಗುವಿನ ಕಲಿಕೆಯ ಪಾಲಕತ್ವ ಯಾರದು ಎಂಬ ಪ್ರಶ್ನೆಯೂ ಈ ನೆಲಕ್ಕೆ ಹೊಸದಲ್ಲ. ೧೮೪೨ರಲ್ಲಿ ಸುರಪುರದ ದೊರೆ ಕೃಷ್ಣಪ್ಪನಾಯಕನು ತೀರಿಕೊಂಡಾಗ ಅವನ ಮಗ ವೆಂಕಟಪ್ಪನಾಯಕನು ಇನ್ನೂ ಬಾಲಕ. ಸಂಸ್ಥಾನದ ಆಡಳಿತದ ಉಸ್ತುವಾರಿಗೆ ನೇಮಕಗೊಂಡ ಫಿಲಿಪ್ ಮೆಡೋಸ್ ಟೇಲರ್ ೧೮೫೩ರವರೆಗೆ ಸುರಪುರದಲ್ಲಿದ್ದನು. ಬಾಲರಾಜನ ಪಾಲನೆ ಮತ್ತು ಸಂಸ್ಥಾನದ ಅಧಿಕಾರ ಇವೆರಡೂ ಒಂದಕ್ಕೊಂದು ಹೆಣೆದುಕೊಂಡಿದ್ದುದರಿಂದ ರಾಣಿ ಈಶ್ವರಮ್ಮ ಮತ್ತು ಟೇಲರ್ ನಡುವೆ ತಿಕ್ಕಾಟ ನಡೆದೇ ಇತ್ತು. ಆ ಬಾಲಕ ಟೇಲರ್‌ನನ್ನು 'ಅಪ್ಪಾ' ಎಂದೇ ಕರೆಯುತ್ತಿದ್ದ ಸಂಗತಿ ಟೇಲರ್‌ನ ಮರಣಾನಂತರ ೧೮೭೭ರಲ್ಲಿ ಪ್ರಕಟವಾದ ಆತ್ಮಚರಿತ್ರೆಯಿಂದ ತಿಳಿದುಬರುತ್ತದೆ. ೧೮೫೮ರಲ್ಲಿ ಅದೇ ವೆಂಕಟಪ್ಪನಾಯಕನು ಬ್ರಿಟಿಷರ ವಿರುದ್ಧ ಬಂಡೆದ್ದು ಸೆರೆಯಾಗಿ, ಆ ವರ್ಷವೇ ಸಾವನ್ನಪ್ಪಿದನು. ಮಗುವಿನ ಹಿತಕ್ಕಾಗಿ ಎಂದು ಹೇಳಿ ವಹಿಸಿಕೊಂಡ ಪಾಲಕತ್ವದಲ್ಲಿ ಪಾಲಕರ ಹಿತವೂ ಬೆರೆತಿರುತ್ತದೆ; ಪ್ರೀತಿ ಇದ್ದ ಮಾತ್ರಕ್ಕೆ ಅಧಿಕಾರ ಇಲ್ಲವಾಗುವುದಿಲ್ಲ. ಇಂದಿನ ಚರ್ಚೆಗೂ ಈ ಎಚ್ಚರ ಪ್ರಸ್ತುತವಾಗಿದೆ.

ಅನುಮತಿಯ ಕಾಲದ ಓದು

ಸುರಪುರ ಸಂಸ್ಥಾನವು ಹೈದರಾಬಾದಿನ ನಿಜಾಮರ ಆಳ್ವಿಕೆಗೆ ಸೇರಿದ ಮೇಲೆ ಓದಿನ ಕಾವಲು ಬೇರೊಂದು ರೂಪವನ್ನು ತಾಳಿತು. ಆಡಳಿತದ ಭಾಷೆ ಉರ್ದು. ೧೯೧೮ರಲ್ಲಿ ಸ್ಥಾಪನೆಯಾದ ಉಸ್ಮಾನಿಯಾ ವಿಶ್ವವಿದ್ಯಾಲಯದ ಬೋಧನ ಮಾಧ್ಯಮವೂ ಉರ್ದುವೇ. ರಾಜಧಾನಿಯಲ್ಲಿ ೧೮೯೧ರಷ್ಟು ಹಿಂದೆಯೇ ಆಸಫಿಯಾ ಗ್ರಂಥಾಲಯ ಸ್ಥಾಪನೆಯಾಗಿದ್ದರೂ ಕನ್ನಡ, ತೆಲುಗು, ಮರಾಠಿ ಜಿಲ್ಲೆಗಳಲ್ಲಿ ದೇಶಭಾಷೆಯ ವಾಚನಾಲಯಗಳು ಬೆಳೆದದ್ದು ಜನರ ಸ್ವಂತ ಪ್ರಯತ್ನದಿಂದ. ೧೯೦೧ರಲ್ಲಿ ಹೈದರಾಬಾದಿನಲ್ಲಿ ಆರಂಭವಾದ ಶ್ರೀಕೃಷ್ಣದೇವರಾಯ ಆಂಧ್ರ ಭಾಷಾ ನಿಲಯ ಈ ಬಗೆಯ ಪ್ರಯತ್ನಗಳಿಗೆ ಮಾದರಿ ಎನಿಸಿತು. ಸಾರ್ವಜನಿಕ ಸಭೆಗಳಿಗೆ ಮುಂಚಿತವಾಗಿ ಅನುಮತಿ ಪಡೆಯಬೇಕೆಂದು ವಿಧಿಸಿದ 'ಗಸ್ತಿ ನಿಶಾನ್ ೫೩' ಎಂಬ ಸುತ್ತೋಲೆಯ ನೆರಳಿನಲ್ಲಿ, ನಾಲ್ಕು ಜನ ಸೇರಿ ಪತ್ರಿಕೆ ಓದುವುದೂ ಸಂಶಯಕ್ಕೆ ಎಡೆಮಾಡಿಕೊಡಬಹುದಾದ ಕಾಲವದು.

ಇಂತಹ ಪರಿಸ್ಥಿತಿಯಲ್ಲಿ, ನಿಜಾಮ ಆಳ್ವಿಕೆಯ ಕೊನೆಯ ದಶಕದಲ್ಲಿ, ರಂಗಂಪೇಟೆಯಲ್ಲಿ ಕನ್ನಡ ಸಾಹಿತ್ಯ ಸಂಘ ತಲೆಯೆತ್ತಿತು. ದಸರೆಯ ಸಂದರ್ಭದಲ್ಲಿ ಸಂಘವು ನಡೆಸಿಕೊಂಡು ಬಂದ ನಾಡಹಬ್ಬವು ಈ ಭಾಗದ ಕನ್ನಡದ ಬದುಕಿನಲ್ಲಿ ಮಹತ್ವದ ಸ್ಥಾನವನ್ನು ಪಡೆದಿದೆ. ಹಬ್ಬದ ಚೌಕಟ್ಟಿನೊಳಗೆ ಭಾಷಣ, ಹಾಡು, ನಾಟಕಗಳನ್ನು ತಂದ ಈ ಕ್ರಮದಲ್ಲಿ ಜಾನಪದದ ವಿವೇಕವೊಂದು ಕೆಲಸ ಮಾಡಿದೆ. ಆಳುವವರು ಸಭೆಗೆ ಅಡ್ಡಿಪಡಿಸಬಹುದು, ಹಬ್ಬಕ್ಕೆ ಅಡ್ಡಿಪಡಿಸುವುದು ಸುಲಭವಲ್ಲ. ಹಬ್ಬಕ್ಕೆ ಹಿರಿಯರೊಂದಿಗೆ ಮಕ್ಕಳೂ ಬರುತ್ತಾರೆ. ಶಾಲೆಯಲ್ಲಿ ದೊರೆಯದ ಭಾಷೆಯನ್ನು ಹಬ್ಬದ ಅಂಗಳ ಮಗುವಿಗೆ ಒದಗಿಸಿತು. ಮಕ್ಕಳ ಓದಿಗೆ ಹಾಕಿದ ತಡೆ ಯಾವಾಗಲೂ ಮಕ್ಕಳ ರಕ್ಷಣೆಗಾಗಿಯೇ ಇರುವುದಿಲ್ಲ ಎಂಬುದಕ್ಕೆ ಹೈದರಾಬಾದ್ ಕರ್ನಾಟಕದ ಈ ಅನುಭವ ಸಾಕ್ಷಿಯಾಗಿದೆ. ಇಂದಿಗೂ ಈ ಭಾಗದಲ್ಲಿ ಓದಿಗೆ ನಿರ್ಬಂಧ ಎಂಬ ಮಾತು ಕೇಳಿಬಂದಾಗ ಅದನ್ನು ಈ ನೆನಪಿನ ಹಿನ್ನೆಲೆಯಲ್ಲಿ ಪರಿಶೀಲಿಸಬೇಕಾಗುತ್ತದೆ.

೧೯೪೮ರ ಸೆಪ್ಟೆಂಬರ್ ೧೭ರ ನಂತರ ಹೈದರಾಬಾದ್ ಸಂಸ್ಥಾನ ಭಾರತದ ಒಕ್ಕೂಟದಲ್ಲಿ ಸೇರಿತು. ೧೯೫೫ರಲ್ಲಿ ಹೈದರಾಬಾದ್ ಸಾರ್ವಜನಿಕ ಗ್ರಂಥಾಲಯ ಕಾಯಿದೆ ಬಂದಿತು. ಮರುವರ್ಷವೇ, ೧೯೫೬ರ ನವೆಂಬರ್ ೧ರಂದು, ಈ ಪ್ರದೇಶ ವಿಶಾಲ ಮೈಸೂರು ರಾಜ್ಯಕ್ಕೆ ಸೇರಿತು. ಏಕೀಕೃತ ರಾಜ್ಯಕ್ಕೆ ಒಂದೇ ಶಾಸನವಾಗಿ ಬಂದದ್ದು ೧೯೬೫ರ ಸಾರ್ವಜನಿಕ ಗ್ರಂಥಾಲಯ ಕಾಯಿದೆ. ಸ್ಥಳೀಯ ತೆರಿಗೆಗಳ ಮೇಲೆ ಗ್ರಂಥಾಲಯ ಕರವನ್ನು ವಿಧಿಸುವ ಮೂಲಕ ಓದನ್ನು ದಾನಿಗಳ ಔದಾರ್ಯದಿಂದ ಬಿಡಿಸಿ ನಾಗರಿಕರ ಹಕ್ಕಿನ ನೆಲೆಗೆ ತಂದದ್ದು ಈ ಕಾಯಿದೆಯ ಹೆಚ್ಚುಗಾರಿಕೆ. ೧೯೩೧ರಲ್ಲಿ ಎಸ್.ಆರ್. ರಂಗನಾಥನ್ ಅವರು ನಿರೂಪಿಸಿದ ಗ್ರಂಥಾಲಯ ವಿಜ್ಞಾನದ ಐದು ಸೂತ್ರಗಳಲ್ಲಿ ಪ್ರತಿಯೊಬ್ಬ ಓದುಗನಿಗೂ ಅವನ ಪುಸ್ತಕ ದೊರೆಯಬೇಕು ಎಂಬುದೂ ಒಂದು. ಮಗು ಕೂಡ ಈ ಸೂತ್ರದ ಓದುಗನೇ. ಆದರೆ ಬೀಗ ಹಾಕಿದ ಕಪಾಟಿನಿಂದ ತೆರೆದ ಕಪಾಟಿಗೆ ಬರಲು ನಮ್ಮ ಅನೇಕ ಗ್ರಂಥಾಲಯಗಳಿಗೆ ದಶಕಗಳೇ ಬೇಕಾದವು. ಪುಸ್ತಕ ಹರಿದರೆ, ಕಳೆದರೆ ತಾನೇ ಹೊಣೆ ಎಂಬ ಭಯದಲ್ಲಿ ಸಿಬ್ಬಂದಿ ಮಕ್ಕಳನ್ನು ದೂರವಿಡುವುದು ಸಾಮಾನ್ಯವಾಗಿತ್ತು. ಈ ಭಯವೇ ಮುಂದೆ ಗಣಕಯಂತ್ರಕ್ಕೂ ವರ್ಗಾವಣೆಯಾಯಿತು.

ಜನಪದರ ಮೂರು ಕಟ್ಟುಗಳು

ಶಾಸನದ ಚರಿತ್ರೆಗೆ ಸಮಾನಾಂತರವಾಗಿ ಜನಪದರ ಕ್ರಮವೊಂದು ನಡೆದುಬಂದಿದೆ. ಮಕ್ಕಳ ಕಿವಿಗೆ ಬೀಳಬಾರದ್ದು ಎಂದು ಇಂದು ನಾವು ಭಾವಿಸುವ ಎಷ್ಟೋ ಸಂಗತಿಗಳು ಉತ್ತರ ಕರ್ನಾಟಕದ ಜಾನಪದದಲ್ಲಿ ಬಹಿರಂಗವಾಗಿಯೇ ಇವೆ. ಭಾದ್ರಪದ ಮಾಸದಲ್ಲಿ ಗಣೇಶನ ಹಬ್ಬದ ಬೆನ್ನಿಗೇ ಬರುವ ಜೋಕುಮಾರನು ಮಳೆಬೆಳೆಯ, ಫಲವಂತಿಕೆಯ ದೈವ. ಅವನ ಮೂರ್ತಿಯ ರೂಪದಲ್ಲಾಗಲಿ ಅವನ ಹಾಡುಗಳಲ್ಲಾಗಲಿ ಸಂಕೋಚವಿಲ್ಲ. ಆದರೂ ಅವನನ್ನು ಬುಟ್ಟಿಯಲ್ಲಿಟ್ಟು, ಬೇವಿನ ಎಲೆಗಳಿಂದ ಮುಚ್ಚಿ ಹೆಣ್ಣುಮಕ್ಕಳೇ ಮನೆಮನೆಗೆ ಹೊತ್ತು ತರುತ್ತಾರೆ. ಅವನ ಆಯುಷ್ಯ ಏಳೇ ದಿನ. ಕಾಮನ ಹುಣ್ಣಿಮೆಯಲ್ಲಿ ಹಲಗೆ ಬಡಿಯುತ್ತ, ಬೊಬ್ಬೆ ಹಾಕುತ್ತ ಬೈಗುಳದ ಹಾಡನ್ನು ಹಾಡುವವರಲ್ಲಿ ಹುಡುಗರೇ ಹೆಚ್ಚು. ಬೂದಿ ಆರಿದ ಮೇಲೆ ಅದೇ ಮಾತನ್ನು ಆಡಿದ ಹುಡುಗನಿಗೆ ಪೆಟ್ಟು ಬೀಳುತ್ತದೆ. ವ್ಯಭಿಚಾರ ಮತ್ತು ಕೊಲೆಯ ಕಥೆಯುಳ್ಳ 'ಸಂಗ್ಯಾ ಬಾಳ್ಯಾ' ಸಣ್ಣಾಟವನ್ನು ಇಡೀ ಊರು ರಾತ್ರಿ ಕುಳಿತು ನೋಡುತ್ತದೆ. ಮಕ್ಕಳು ಮುಂದಿನ ಸಾಲಿನಲ್ಲೇ ಕಂಬಳಿ ಹಾಸಿಕೊಂಡು ನೋಡುತ್ತ ನಿದ್ದೆಹೋಗುತ್ತಾರೆ.

ಇವುಗಳನ್ನು ಒಟ್ಟಾಗಿ ಪರಿಶೀಲಿಸಿದಾಗ ಜನಪದರು ವಸ್ತುವನ್ನು ಅಳಿಸಿಹಾಕುವುದಕ್ಕಿಂತ ಅದಕ್ಕೆ ಕಟ್ಟು ಹಾಕುವುದನ್ನು ಹೆಚ್ಚಾಗಿ ನೆಚ್ಚಿಕೊಂಡಿರುವುದು ಕಂಡುಬರುತ್ತದೆ. ಈ ಕಟ್ಟುಗಳು ಮೂರು ಬಗೆಯವು. ಮೊದಲನೆಯದು ಕಾಲದ ಕಟ್ಟು. ಹಗಲಿನಲ್ಲಿ ಕಥೆ ಹೇಳಬಾರದು ಎಂಬ, ಭಾರತದ ಅನೇಕ ಕಡೆ ಪ್ರಚಲಿತವಿರುವ ನಂಬಿಕೆಯೂ, ಜೋಕುಮಾರನ ಏಳು ದಿನಗಳೂ ಇದಕ್ಕೆ ನಿದರ್ಶನ. ಎರಡನೆಯದು ಸ್ಥಳದ ಕಟ್ಟು. ಬಯಲಾಟ ಬಯಲಿನಲ್ಲೇ ನಡೆಯಬೇಕು, ಕಾಮ ಓಣಿಯ ನಡುವೆಯೇ ಸುಡಬೇಕು. ಮರೆಯಲ್ಲಿ ನಡೆಯುವುದಕ್ಕೆ ಒಪ್ಪಿಗೆಯಿಲ್ಲ. ಮೂರನೆಯದು ಜೊತೆಯ ಕಟ್ಟು. ಅಜ್ಜಿ ಕಥೆ ಹೇಳುವಾಗ ಕೇಳುವ ಮಗು ಹೂಂಗುಟ್ಟಬೇಕು. ಹೂಂಗುಟ್ಟುವಿಕೆ ನಿಂತರೆ ಮಗು ನಿದ್ದೆಹೋಗಿದೆ ಅಥವಾ ಹೆದರಿದೆ ಎಂದು ಅಜ್ಜಿಗೆ ತಿಳಿಯುತ್ತದೆ. ಅವಳು ಕಥೆಯ ದಾರಿಯನ್ನು ಬದಲಿಸುತ್ತಾಳೆ, ರಾಕ್ಷಸನನ್ನು ಸ್ವಲ್ಪ ಬೇಗ ಸಾಯಿಸುತ್ತಾಳೆ. ಇಲ್ಲಿ ಕಾವಲು ಮಗುವಿನ ಪ್ರತಿಕ್ರಿಯೆಯಿಂದ ಹುಟ್ಟುತ್ತದೆಯೇ ಹೊರತು ಮೊದಲೇ ಸಿದ್ಧಪಡಿಸಿದ ನಿಷೇಧಗಳ ಪಟ್ಟಿಯಿಂದಲ್ಲ.

ತಡೆದಿಟ್ಟ ಕಥೆ ಏನಾಗುತ್ತದೆ ಎಂಬುದಕ್ಕೂ ಕನ್ನಡದಲ್ಲೇ ಒಂದು ಜನಪದ ಕಥೆಯಿದೆ. ಎ.ಕೆ. ರಾಮಾನುಜನ್ ಅವರು ೧೯೯೧ರಲ್ಲಿ ಪ್ರಕಟಿಸಿದ 'ಫೋಕ್‌ಟೇಲ್ಸ್ ಫ್ರಮ್ ಇಂಡಿಯಾ' ಸಂಕಲನದಲ್ಲಿ ಸೇರಿರುವ ಈ ಕಥೆಯಲ್ಲಿ, ಒಬ್ಬ ಹೆಂಗಸಿಗೆ ಒಂದು ಕಥೆಯೂ ಒಂದು ಹಾಡೂ ಗೊತ್ತಿದ್ದು ಅವಳು ಅವನ್ನು ಯಾರಿಗೂ ಹೇಳದೆ ಇಟ್ಟುಕೊಂಡಿರುತ್ತಾಳೆ. ಉಸಿರುಗಟ್ಟಿದ ಕಥೆ ಮತ್ತು ಹಾಡುಗಳು ಅವಳಿಂದ ಹೊರಬಂದು ಜೋಡಾಗಿಯೂ ಅಂಗಿಯಾಗಿಯೂ ಮಾರ್ಪಟ್ಟು, ಮನೆಗೆ ಬಂದ ಗಂಡನಲ್ಲಿ ಸಂಶಯವನ್ನು ಹುಟ್ಟಿಸುತ್ತವೆ. ಹೇಳದೆ ಉಳಿದದ್ದು ಹಾಗೆಯೇ ಇರುವುದಿಲ್ಲ, ರೂಪ ಬದಲಿಸಿ ಜಗಳವಾಗಿ ಬರುತ್ತದೆ ಎಂಬ ಈ ತಿಳಿವಳಿಕೆ ಮಕ್ಕಳ ಅಂತರ್ಜಾಲ ಬಳಕೆಯನ್ನು ಕುರಿತ ಯಾವ ನೀತಿಗೂ ಅನ್ವಯಿಸುವಂಥದು. ಗ್ರಂಥಾಲಯದಲ್ಲಿ ಕೇಳಲಾಗದ ಪ್ರಶ್ನೆಯನ್ನು ಮಗು ಬೇರೆಡೆ, ಒಂಟಿಯಾಗಿ, ಯಾರದೋ ಮೊಬೈಲಿನಲ್ಲಿ ಕೇಳುತ್ತದೆ.

ಜನಪದರ ಈ ಕ್ರಮವನ್ನು ಆದರ್ಶವೆಂದು ಎತ್ತಿಹಿಡಿಯುವ ಉದ್ದೇಶ ಇಲ್ಲಿಲ್ಲ. ಬಯಲು ಎಲ್ಲರದ್ದೂ ಆಗಿರಲಿಲ್ಲ. ಯಾವ ಕೇರಿಯ ಮಗು ಯಾವ ಕಟ್ಟೆಯ ಮೇಲೆ ಕೂರಬಹುದು ಎಂಬುದನ್ನು ಜಾತಿ ನಿರ್ಧರಿಸುತ್ತಿತ್ತು. ಮೈನೆರೆದ ಹುಡುಗಿಗೆ ಆಟದ ಬಯಲೂ ಶಾಲೆಯ ಬಾಗಿಲೂ ಒಟ್ಟಿಗೇ ಮುಚ್ಚುತ್ತಿದ್ದವು. ಕಾಲ, ಸ್ಥಳ, ಜೊತೆ ಎಂಬ ಕಟ್ಟುಗಳು ರಕ್ಷಣೆಯ ಹೆಸರಿನಲ್ಲಿ ಹೊರಗಿಡುವ ಸಾಧನಗಳೂ ಆಗಿದ್ದವು. ಸಾರ್ವಜನಿಕ ಗ್ರಂಥಾಲಯದ ಮಹತ್ವ ಇರುವುದು ಇಲ್ಲಿಯೇ: ಜಾತಿ, ಲಿಂಗ, ಹಣದ ಲೆಕ್ಕವಿಲ್ಲದೆ ಮಗು ಒಳಗೆ ಬರಬಹುದಾದ ಸ್ಥಳವಿದು ಎಂಬುದು ಅದರ ಮೂಲತತ್ತ್ವ. ಜನಪದರಿಂದ ವಿಧಾನವನ್ನು ಕಲಿಯಬಹುದು. ತತ್ತ್ವವನ್ನು ಮಾತ್ರ ೧೯೬೫ರ ಕಾಯಿದೆಯಿಂದಲೂ ಸಂವಿಧಾನದಿಂದಲೂ ಪಡೆಯಬೇಕು.

ಶೋಧಕ ಮತ್ತು ಶಾಸನ

ಭಾರತದಲ್ಲಿ ಅಂತರ್ಜಾಲ ಸೇವೆ ಸಾರ್ವಜನಿಕರಿಗೆ ದೊರೆತದ್ದು ೧೯೯೫ರ ಆಗಸ್ಟ್ ೧೫ರಂದು. ೨೦೦೦ದಲ್ಲಿ ಮಾಹಿತಿ ತಂತ್ರಜ್ಞಾನ ಕಾಯಿದೆ ಜಾರಿಗೆ ಬಂದಿತು. ಮುಂದಿನ ವರ್ಷಗಳಲ್ಲಿ ತಾಲೂಕು ಕೇಂದ್ರಗಳಲ್ಲೂ ಸೈಬರ್ ಕೆಫೆಗಳು ತೆರೆದವು. ಮಕ್ಕಳ ಅಂತರ್ಜಾಲ ಬಳಕೆಯ ಬಗ್ಗೆ ನಮ್ಮ ಶಾಸನ ಮೊದಲು ಯೋಚಿಸಿದ್ದು ಗ್ರಂಥಾಲಯಕ್ಕಾಗಿ ಅಲ್ಲ, ಈ ಅಂಗಡಿಗಳಿಗಾಗಿ. ೨೦೧೧ರ ಸೈಬರ್ ಕೆಫೆ ನಿಯಮಗಳು ಗುರುತಿನ ಚೀಟಿಯಿಲ್ಲದ ಅಪ್ರಾಪ್ತರು ವಯಸ್ಕರೊಡನೆ ಬರಬೇಕೆಂದು ವಿಧಿಸಿದವು. ಗೂಡುಗಳ ನಡುವಣ ತಡಿಕೆ ನಾಲ್ಕೂವರೆ ಅಡಿಗಿಂತ ಎತ್ತರವಿರಬಾರದು. ಗೂಡಿಲ್ಲದ ಕಡೆ ಗಣಕಯಂತ್ರದ ಪರದೆ ಎಲ್ಲರಿಗೂ ಕಾಣುವಂತೆ ಹೊರಮುಖವಾಗಿರಬೇಕು. ಪಾಲಕರಿಲ್ಲದೆ ಮಕ್ಕಳು ಗೂಡಿನೊಳಗೆ ಕೂರಬಾರದು. ಬಳಕೆಯ ದಾಖಲೆಯನ್ನು ಕನಿಷ್ಠ ಒಂದು ವರ್ಷ ಕಾಯ್ದಿಡಬೇಕು ಎಂದೂ ಅವು ಹೇಳಿದವು. ಜನಪದರ ಸ್ಥಳದ ಕಟ್ಟು ಮತ್ತು ಜೊತೆಯ ಕಟ್ಟು ಇಲ್ಲಿ ಶಾಸನದ ಭಾಷೆಯಲ್ಲಿ ಮರಳಿ ಕಾಣಿಸಿಕೊಂಡಿರುವುದು ಗಮನಾರ್ಹ. ಆದರೆ ಕಾಯಿದೆಯ ವ್ಯಾಖ್ಯೆಯಂತೆ ಸೈಬರ್ ಕೆಫೆ ಎಂದರೆ ವ್ಯವಹಾರದ ಭಾಗವಾಗಿ ಸಾರ್ವಜನಿಕರಿಗೆ ಅಂತರ್ಜಾಲ ಒದಗಿಸುವ ಸ್ಥಳ. ವ್ಯಾಪಾರ ಮಾಡದ ಸಾರ್ವಜನಿಕ ಗ್ರಂಥಾಲಯವು ಈ ವ್ಯಾಖ್ಯೆಯೊಳಗೆ ಸುಲಭವಾಗಿ ಹೊಂದುವುದಿಲ್ಲ. ೧೯೬೫ರ ಗ್ರಂಥಾಲಯ ಕಾಯಿದೆಯಾದರೋ ಅಂತರ್ಜಾಲದ ಕಲ್ಪನೆಯೇ ಇಲ್ಲದ ಕಾಲದ್ದು. ಈ ಎರಡು ಶಾಸನಗಳ ನಡುವಣ ತೆರಪಿನಲ್ಲಿ ಗ್ರಂಥಾಲಯದ ಮೇಲ್ವಿಚಾರಕರು ತಮ್ಮ ವಿವೇಚನೆಯನ್ನೇ ನೆಚ್ಚಿಕೊಳ್ಳಬೇಕಾಗಿದೆ.

ಅಮೆರಿಕ ಸಂಯುಕ್ತ ಸಂಸ್ಥಾನದಲ್ಲಿ ಈ ಪ್ರಶ್ನೆ ನೇರವಾಗಿ ಗ್ರಂಥಾಲಯವನ್ನೇ ಕುರಿತು ಎದ್ದಿತು. ೨೦೦೦ದ ಡಿಸೆಂಬರಿನಲ್ಲಿ ಅಂಗೀಕಾರವಾದ ಮಕ್ಕಳ ಅಂತರ್ಜಾಲ ಸಂರಕ್ಷಣಾ ಕಾಯಿದೆಯು, ಕೇಂದ್ರದ ಕೆಲವು ಅನುದಾನ ಮತ್ತು ರಿಯಾಯಿತಿಗಳನ್ನು ಪಡೆಯುವ ಗ್ರಂಥಾಲಯಗಳು ಶೋಧಕ ತಂತ್ರಾಂಶವನ್ನು ಅಳವಡಿಸಬೇಕೆಂದು ವಿಧಿಸಿತು. ಗ್ರಂಥಪಾಲಕರ ಸಂಘಟನೆಯಾದ ಅಮೆರಿಕನ್ ಲೈಬ್ರರಿ ಅಸೋಸಿಯೇಷನ್ ಇದನ್ನು ನ್ಯಾಯಾಲಯದಲ್ಲಿ ಪ್ರಶ್ನಿಸಿತು. ೨೦೦೩ರ ಜೂನ್ ೨೩ರಂದು ಅಲ್ಲಿನ ಸರ್ವೋಚ್ಚ ನ್ಯಾಯಾಲಯ ಆರು ಮತ್ತು ಮೂರರ ಬಹುಮತದಿಂದ ಕಾಯಿದೆಯನ್ನು ಎತ್ತಿಹಿಡಿಯಿತು. ವಯಸ್ಕ ಓದುಗರು ಕೇಳಿದಾಗ ಶೋಧಕವನ್ನು ತೆಗೆಯಬಹುದು ಎಂಬ ಅವಕಾಶ ಆ ತೀರ್ಪಿನಲ್ಲಿ ಮುಖ್ಯ ಪಾತ್ರ ವಹಿಸಿತು. ಶೋಧಕವು ತಡೆಯಬೇಕಾದ್ದನ್ನು ಬಿಟ್ಟು, ಬಿಡಬೇಕಾದ ವೈದ್ಯಕೀಯ ಮಾಹಿತಿಯಂಥವನ್ನು ತಡೆಯುತ್ತದೆ ಎಂಬ ಆಕ್ಷೇಪವೂ ಈ ವಾದದ ಉದ್ದಕ್ಕೂ ಕೇಳಿಬಂದಿತು.

ಈ ಆಕ್ಷೇಪ ಕನ್ನಡದ ಸಂದರ್ಭದಲ್ಲಿ ಇನ್ನೂ ಗಂಭೀರವಾಗುತ್ತದೆ. ಪದಪಟ್ಟಿಯ ಮೇಲೆ ನಿಂತ ಶೋಧಕವು ಇಂಗ್ಲಿಷನ್ನು ಆಧರಿಸಿದ್ದರೆ ಕನ್ನಡ ಲಿಪಿಯಲ್ಲಿರುವ ಅಶ್ಲೀಲವು ಅದರ ಕಣ್ಣಿಗೆ ಬೀಳುವುದಿಲ್ಲ. ಪಟ್ಟಿಗೆ ಕನ್ನಡ ಪದಗಳನ್ನು ಸೇರಿಸಿದರೂ ತೊಡಕು ಬಗೆಹರಿಯದು. ಒಗಟುಗಳ ಸ್ವಾರಸ್ಯವೇ ಎರಡರ್ಥದಲ್ಲಿದೆ. ಕೇಳಿದೊಡನೆ ಅಶ್ಲೀಲವೆನಿಸುವ ಒಗಟಿಗೆ ಉತ್ತರ ಒರಳುಕಲ್ಲೋ ಬಾವಿಯ ಹಗ್ಗವೋ ಆಗಿರುತ್ತದೆ. ಚಿತ್ರವನ್ನು ನೋಡಿ ತಡೆಯುವ ಯಂತ್ರಕ್ಕೆ ಜೋಕುಮಾರನ ಮೂರ್ತಿ ದೈವವೆಂದು ತಿಳಿಯುವುದು ಹೇಗೆ? ತನ್ನ ಊರಿನ ಹಬ್ಬದ ಬಗ್ಗೆ ಶಾಲೆಗೆ ಪ್ರಬಂಧ ಬರೆಯಲು ಹೊರಟ ಮಗುವಿಗೆ ಅದರ ಸಂಸ್ಕೃತಿಯೇ ನಿಷಿದ್ಧ ವಸ್ತುವಾಗಿ ಕಾಣಿಸಿಕೊಂಡರೆ ಅದರಿಂದಾಗುವ ಹಾನಿ ಸಣ್ಣದಲ್ಲ.

ಗ್ರಾಮ ಗ್ರಂಥಾಲಯಗಳ ಹೊಸ ಘಟ್ಟ

ಕರ್ನಾಟಕದಲ್ಲಿ ೨೦೧೯ರಲ್ಲಿ ಗ್ರಾಮ ಪಂಚಾಯತಿ ಮಟ್ಟದ ಗ್ರಂಥಾಲಯಗಳನ್ನು ಸಾರ್ವಜನಿಕ ಗ್ರಂಥಾಲಯ ಇಲಾಖೆಯಿಂದ ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ಇಲಾಖೆಗೆ ವರ್ಗಾಯಿಸಲಾಯಿತು. ಇವುಗಳ ಸಂಖ್ಯೆ ೫,೬೦೦ಕ್ಕೂ ಹೆಚ್ಚು. ೨೦೨೦ರಲ್ಲಿ ಕೋವಿಡ್ ಸಾಂಕ್ರಾಮಿಕದಿಂದ ಶಾಲೆಗಳು ಮುಚ್ಚಿದ್ದಾಗ, ನವೆಂಬರ್ ತಿಂಗಳ ಮಕ್ಕಳ ದಿನಾಚರಣೆಯ ವೇಳೆಗೆ ಆರಂಭವಾದ 'ಓದುವ ಬೆಳಕು' ಕಾರ್ಯಕ್ರಮವು ಆರರಿಂದ ಹದಿನೆಂಟು ವರ್ಷದವರೆಗಿನ ಮಕ್ಕಳಿಗೆ ಉಚಿತ ಸದಸ್ಯತ್ವವನ್ನು ನೀಡಿತು. ಮುಂದೆ ಈ ಗ್ರಂಥಾಲಯಗಳು 'ಅರಿವು ಕೇಂದ್ರ'ಗಳೆಂಬ ಹೆಸರನ್ನು ಪಡೆದವು. ಅನೇಕ ಕಡೆ ಗಣಕಯಂತ್ರ, ದೂರದರ್ಶನ ಪರದೆ, ಅಂತರ್ಜಾಲ ಸಂಪರ್ಕಗಳು ಬಂದವು. ಪಟ್ಟಣಗಳ ಗ್ರಂಥಾಲಯಗಳು ಮಾತ್ರ ಹಿಂದಿನಂತೆ ಸಾರ್ವಜನಿಕ ಗ್ರಂಥಾಲಯ ಇಲಾಖೆಯಲ್ಲೇ ಉಳಿದವು. ಇದರಿಂದಾಗಿ ಸುರಪುರ, ರಂಗಂಪೇಟೆಯಂತಹ ಪಟ್ಟಣ ಪ್ರದೇಶದ ಮಗುವೂ ಕೆಲವೇ ಮೈಲಿ ದೂರದ ಹಳ್ಳಿಯ ಮಗುವೂ ಎರಡು ಬೇರೆ ಇಲಾಖೆಗಳ ಗ್ರಂಥಾಲಯಗಳ ಓದುಗರಾಗಿದ್ದಾರೆ. ಮಕ್ಕಳ ಅಂತರ್ಜಾಲ ಬಳಕೆಯ ಬಗ್ಗೆ ನಿಯಮ ರೂಪಿಸುವಾಗ ಎರಡೂ ಇಲಾಖೆಗಳು ಒಂದೇ ಮಾತನ್ನು ಹೇಳುವುದು ಅಗತ್ಯ.

ಇಲ್ಲಿ ಹುಡುಗಿಯರ ವಿಷಯವನ್ನು ಪ್ರತ್ಯೇಕವಾಗಿ ಪ್ರಸ್ತಾಪಿಸಬೇಕು. ಮನೆಯಲ್ಲಿ ಮೊಬೈಲ್ ಒಂದೇ ಇದ್ದರೆ ಅದು ಮೊದಲು ಗಂಡಸರ ಕೈಗೆ, ಅನಂತರ ಹುಡುಗನ ಕೈಗೆ ಹೋಗುತ್ತದೆ. ಹುಡುಗಿಯ ಪಾಲಿಗೆ ಗ್ರಂಥಾಲಯದ ಗಣಕಯಂತ್ರವೇ ಏಕೈಕ ದಾರಿಯಾಗಿರುವ ಸಂದರ್ಭಗಳು ಹೆಚ್ಚು. ನಿಯಮಗಳು ಬಿಗಿಯಾದಂತೆಲ್ಲ ಮೊದಲು ಹೊರಗುಳಿಯುವವಳೂ ಅವಳೇ. ಏಕೆಂದರೆ ಪಾಲಕರ ಒಪ್ಪಿಗೆ, ಪಾಲಕರ ಹಾಜರಿ ಎಂಬ ಷರತ್ತುಗಳು ಹುಡುಗನಿಗಿಂತ ಹುಡುಗಿಗೆ ಭಾರವಾಗುತ್ತವೆ. ಕೇರಳದ ಕಾಲೇಜೊಂದರ ವಿದ್ಯಾರ್ಥಿನಿ ನಿಲಯದಲ್ಲಿ ಮೊಬೈಲ್ ಬಳಕೆಗೆ ಹಾಕಿದ್ದ ನಿರ್ಬಂಧವನ್ನು ಕುರಿತ ಫಹೀಮಾ ಶಿರಿನ್ ಪ್ರಕರಣದಲ್ಲಿ ಕೇರಳ ಉಚ್ಚ ನ್ಯಾಯಾಲಯವು ೨೦೧೯ರ ಸೆಪ್ಟೆಂಬರಿನಲ್ಲಿ, ಅಂತರ್ಜಾಲದ ಲಭ್ಯತೆ ಶಿಕ್ಷಣದ ಹಕ್ಕಿನ ಮತ್ತು ಖಾಸಗಿತನದ ಹಕ್ಕಿನ ಭಾಗವೆಂದು ಹೇಳಿತು. ಆ ವಿದ್ಯಾರ್ಥಿನಿ ವಯಸ್ಕಳು. ಮಕ್ಕಳಿಗೆ ಅದನ್ನು ಯಥಾವತ್ತಾಗಿ ಅನ್ವಯಿಸಲು ಬಾರದು. ಆದರೂ ಶಿಸ್ತಿನ ಹೆಸರಿನ ನಿರ್ಬಂಧ ಯಾರ ಮೇಲೆ ಹೆಚ್ಚು ಬೀಳುತ್ತದೆ ಎಂಬುದನ್ನು ಪರಿಶೀಲಿಸಲು ಈ ತೀರ್ಪು ಪ್ರೇರಕವಾಗಿದೆ.

ಹಾಗೆಂದು ಅಪಾಯಗಳನ್ನು ಅಲ್ಲಗಳೆಯುವಂತಿಲ್ಲ. ಮಕ್ಕಳನ್ನು ಲೈಂಗಿಕವಾಗಿ ಬಿಂಬಿಸುವ ಸಾಮಗ್ರಿಯನ್ನು ಮಾಹಿತಿ ತಂತ್ರಜ್ಞಾನ ಕಾಯಿದೆಯ ೬೭ಬಿ ಕಲಮು ಅಪರಾಧವೆಂದು ಘೋಷಿಸಿದೆ. ಲೈಂಗಿಕ ಅಪರಾಧಗಳಿಂದ ಮಕ್ಕಳನ್ನು ರಕ್ಷಿಸುವ ೨೦೧೨ರ ಪೋಕ್ಸೋ ಕಾಯಿದೆಯೂ ಇದೆ. ಅಪರಿಚಿತರು ಸ್ನೇಹದ ಸೋಗಿನಲ್ಲಿ ಮಕ್ಕಳನ್ನು ಬಲೆಗೆ ಹಾಕುವುದು, ಹಣದ ಆಸೆಯ ಆಟಗಳು, ಸುಳ್ಳು ಸುದ್ದಿ ಇವೆಲ್ಲ ನಿಜವಾದ ಅಪಾಯಗಳೇ. ಅಜ್ಜಿಯ ಕಥೆಯ ರಾಕ್ಷಸ ಮಗುವಿನ ಹೆಸರನ್ನು ಕೇಳಿ ತಿಳಿದುಕೊಳ್ಳುತ್ತಿರಲಿಲ್ಲ, ಅಂತರ್ಜಾಲದಲ್ಲಿರುವವನು ಕೇಳುತ್ತಾನೆ. ಹೀಗಾಗಿ ಜಗತ್ತಿನಾದ್ಯಂತ ವಯಸ್ಸಿನ ಮಿತಿಯ ಮಾತು ಬಲವಾಗುತ್ತಿದೆ. ಆಸ್ಟ್ರೇಲಿಯವು ೨೦೨೪ರಲ್ಲಿ ಶಾಸನ ಮಾಡಿ, ೨೦೨೫ರ ಡಿಸೆಂಬರ್ ೧೦ರಿಂದ ಹದಿನಾರು ವರ್ಷದೊಳಗಿನವರಿಗೆ ಸಾಮಾಜಿಕ ಜಾಲತಾಣಗಳ ಖಾತೆಯನ್ನು ನಿಷೇಧಿಸಿತು. ಭಾರತದ ೨೦೨೩ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯಿದೆಯು ಹದಿನೆಂಟು ವರ್ಷದೊಳಗಿನವರನ್ನು ಮಕ್ಕಳೆಂದು ಪರಿಗಣಿಸಿ, ಅವರ ದತ್ತಾಂಶ ಬಳಕೆಗೆ ಪಾಲಕರ ದೃಢೀಕೃತ ಒಪ್ಪಿಗೆಯನ್ನು ಬಯಸುತ್ತದೆ. ಮಕ್ಕಳ ನಡವಳಿಕೆಯ ಮೇಲೆ ಕಣ್ಣಿಡುವುದನ್ನೂ ಅವರನ್ನು ಗುರಿಯಾಗಿಸಿದ ಜಾಹೀರಾತನ್ನೂ ಸಾಮಾನ್ಯವಾಗಿ ನಿಷೇಧಿಸುತ್ತದೆ. ಕಾವಲು ಬೇಕು, ಆದರೆ ಬೇಹುಗಾರಿಕೆ ಬೇಡ ಎಂಬ ನಿಲುವು ಇಲ್ಲಿ ಕಾಣುತ್ತದೆ.

ಕೆಲವು ನಿಲುವುಗಳು

ಮೇಲಿನ ವಿವೇಚನೆಯಿಂದ ಸಣ್ಣ ಊರಿನ ಗ್ರಂಥಾಲಯಕ್ಕೆ ಒದಗಬಹುದಾದ ಕೆಲವು ನಿಲುವುಗಳನ್ನು ಸಂಗ್ರಹಿಸಬಹುದು. ಮಕ್ಕಳು ಬಳಸುವ ಗಣಕಯಂತ್ರವು ಮೂಲೆಯ ಕೋಣೆಯಲ್ಲಿರದೆ ಓದುವ ಪಡಸಾಲೆಯಲ್ಲಿರಬೇಕು. ಪರದೆ ಬಯಲಿನ ಆಟದಂತೆ ಎಲ್ಲರ ಕಣ್ಣೆದುರಿಗಿರಬೇಕು. ಸಮಯವನ್ನು ಹಂಚುವಾಗ ಹುಡುಗಿಯರಿಗೆ ಹಗಲಿನ ಅನುಕೂಲಕರ ವೇಳೆಯನ್ನು ಮೊದಲು ಗೊತ್ತುಪಡಿಸಬೇಕು. ಪಾಲಕರ ಒಪ್ಪಿಗೆಯನ್ನು ಕೇಳುವುದಾದರೆ ಓದುಬರಹ ತಿಳಿಯದ ತಾಯಿಗೂ ಅರ್ಥವಾಗುವಂತೆ ಬಾಯಿಮಾತಿನಲ್ಲಿ ವಿವರಿಸಿ ಕೇಳಬೇಕು. ಬರಲಾಗದ ಪಾಲಕರ ಸ್ಥಾನವನ್ನು ಊರಿನ ಶಿಕ್ಷಕಿಯೋ ಮೇಲ್ವಿಚಾರಕರೋ ತುಂಬುವ ಅವಕಾಶವಿರಬೇಕು. ಶೋಧಕ ತಂತ್ರಾಂಶವನ್ನು ಅಳವಡಿಸಿದರೂ, ತಡೆಯಲ್ಪಟ್ಟ ಪುಟವನ್ನು ಏಕೆ ತಡೆಯಲಾಗಿದೆ ಎಂದು ಕೇಳುವ, ಅಗತ್ಯವಿದ್ದರೆ ತೆರೆಸಿಕೊಳ್ಳುವ ಹಕ್ಕು ಮಗುವಿಗಿರಬೇಕು. ಉತ್ತರಿಸಲು ಒಬ್ಬ ವ್ಯಕ್ತಿ ಇರಬೇಕು. ಯಾವ ಮಗು ಏನನ್ನು ಹುಡುಕಿತು ಎಂಬ ದಾಖಲೆಯನ್ನು ಅಗತ್ಯಕ್ಕಿಂತ ಹೆಚ್ಚು ಕಾಲ ಇಡಬಾರದು. ಚಿಕ್ಕ ಊರಿನಲ್ಲಿ ಒಬ್ಬ ಹುಡುಗಿ ತನ್ನ ದೇಹದ ಬಗ್ಗೆಯೋ ಬಾಲ್ಯವಿವಾಹದ ಕಾನೂನಿನ ಬಗ್ಗೆಯೋ ಹುಡುಕಿದ ಸಂಗತಿ ಕಟ್ಟೆಯ ಮಾತಾದರೆ ಆ ಹುಡುಗಿ ಮಾತ್ರವಲ್ಲ, ಅವಳ ಓರಗೆಯವರೂ ಗ್ರಂಥಾಲಯಕ್ಕೆ ಬರುವುದನ್ನು ನಿಲ್ಲಿಸುತ್ತಾರೆ.

ಇವೆಲ್ಲಕ್ಕೂ ಬೇಕಾದದ್ದು ಯಂತ್ರಕ್ಕಿಂತ ಹೆಚ್ಚಾಗಿ ಮನುಷ್ಯರು. ಹೂಂಗುಟ್ಟುವಿಕೆಯನ್ನು ಆಲಿಸುವ ಅಜ್ಜಿಯ ಸ್ಥಾನದಲ್ಲಿ ಇಂದು ಇರುವವರು ಗ್ರಂಥಾಲಯದ ಮೇಲ್ವಿಚಾರಕರು. ಪುಸ್ತಕ ಕೊಡುವುದು, ಪತ್ರಿಕೆ ಜೋಡಿಸುವುದು, ಲೆಕ್ಕ ಬರೆಯುವುದು ಎಲ್ಲವೂ ಒಬ್ಬರ ಮೇಲೆಯೇ ಬಿದ್ದರೆ ಮಗುವಿನ ಪಕ್ಕ ಕೂರಲು ಅವರಿಗೆ ಬಿಡುವು ದೊರೆಯುವುದಿಲ್ಲ. ಅವರಿಗೆ ತರಬೇತಿ, ಸಮಯ ಮತ್ತು ಗೌರವಯುತ ವೇತನವನ್ನು ಒದಗಿಸದೆ ಶೋಧಕ ತಂತ್ರಾಂಶವನ್ನು ಮಾತ್ರ ಒದಗಿಸುವುದು ಹೊಣೆಯನ್ನು ಯಂತ್ರದ ಮೇಲೆ ಹಾಕಿ ಸುಮ್ಮನಾದಂತೆ.

ಒಟ್ಟಾರೆ, ಗುಪ್ತಲಿಪಿಯ ಕಾಲದಿಂದ ಶೋಧಕ ತಂತ್ರಾಂಶದ ಕಾಲದವರೆಗೆ ಸಗರನಾಡಿನಲ್ಲಿ ಓದಿನ ಕಾವಲು ಅನೇಕ ಕೈಗಳನ್ನು ದಾಟಿ ಬಂದಿದೆ. ಗುರು, ದೊರೆ, ದಿವಾನ, ಜಾತಿ, ಇಲಾಖೆ, ಈಗ ಯಂತ್ರ. ಪ್ರತಿಯೊಂದು ಘಟ್ಟದಲ್ಲೂ ಕಾವಲಿಗೆ ಕೊಟ್ಟ ಕಾರಣ ರಕ್ಷಣೆಯೇ. ಪ್ರತಿಯೊಂದು ಘಟ್ಟದಲ್ಲೂ ಹೊರಗುಳಿದವರು ಮಾತ್ರ ಹೆಚ್ಚುಕಡಿಮೆ ಅವರೇ. ನಿಜಾಮರ ಕಾಲದಲ್ಲಿ ಅನುಮತಿಗೆ ಕಾಯದೆ ಹಬ್ಬದ ಅಂಗಳದಲ್ಲಿ ಮಕ್ಕಳಿಗೆ ಕನ್ನಡವನ್ನು ಉಣಬಡಿಸಿದ ಪರಿಸರದಲ್ಲಿ, ಇಂದಿನ ಮಗುವಿಗೆ ಅಂತರ್ಜಾಲವನ್ನು ಹಿರಿಯರ ಜೊತೆಯಲ್ಲಿ, ಎಲ್ಲರೆದುರು, ಕೇಳಿದ್ದಕ್ಕೆ ಉತ್ತರ ಸಿಗುವಂತೆ ತೆರೆದಿಡುವುದು ಅಸಾಧ್ಯವೇನಲ್ಲ. ಈ ದಿಸೆಯಲ್ಲಿ ಕಲ್ಯಾಣ ಕರ್ನಾಟಕದ ಗ್ರಾಮ ಗ್ರಂಥಾಲಯಗಳಲ್ಲಿ ಮಕ್ಕಳು ನಿಜವಾಗಿ ಏನನ್ನು ಹುಡುಕುತ್ತಾರೆ, ಯಾರನ್ನು ಕೇಳುತ್ತಾರೆ ಎಂಬುದನ್ನು ಕ್ಷೇತ್ರಕಾರ್ಯದ ಮೂಲಕ ಅರಿಯುವ ಕೆಲಸ ಜಾನಪದ ಮತ್ತು ಗ್ರಂಥಾಲಯ ವಿಜ್ಞಾನದ ಸಂಶೋಧಕರು ಜೊತೆಗೂಡಿ ಮಾಡಬೇಕಾದದ್ದಾಗಿದೆ.